ಯಾವ ಸ್ಟೇಷನ್ನಿಗೆ ತಿರುಗಿಸಿದರೂ ಸಿಳ್ಳೆ

ಕಳೆದ ತಿಂಗಳು ನಮ್ಮ ಬೀದಿಯಲ್ಲಿ ಒಬ್ಬ ಹುಡುಗಿಯ ಹಾಡು ಸತ್ತುಹೋಯಿತು. ಕೊಂದವರು ಯಾರೆಂದು ಹತ್ತು ದಿನ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದ ಗಳಿಗೆಯಲ್ಲಿ ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರು ಜಾರಿ ನನ್ನ ಕಾಲ ಮೇಲೆಯೇ ಬಿತ್ತು. ನೋವು ಆಮೇಲೆ ಗೊತ್ತಾಯಿತು. ಮೊದಲು ಆದದ್ದು ನಾಚಿಕೆ.

ನಾನು ಹೊಳೆನರಸೀಪುರದಲ್ಲಿ ಸೈನ್ಸ್ ಮೇಷ್ಟ್ರು ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಸ್ಕೂಲು ಬಿಟ್ಟ ಮೇಲೆ ನನಗೊಂದು ಹುಚ್ಚಿದೆ ಎಂಬುದು ನನ್ನ ಹೆಂಡತಿಗೆ ಮಾತ್ರ ಗೊತ್ತು. ಇಸ್ಪೀಟಲ್ಲ, ನಾಟಕವಲ್ಲ. ಕ್ರಿಸ್ಟಲ್.

ಚನ್ನರಾಯಪಟ್ಟಣದ ಒಂದು ಗುಜರಿ ಅಂಗಡಿಯಲ್ಲಿ ಇವು ಸಿಕ್ಕವು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ವೈರ್‌ಲೆಸ್ ಸಾಮಾನು ಯಾರ ಯಾರ ಕೈ ದಾಟಿಯೋ ಅಲ್ಲಿ ಬಂದು ಬಿದ್ದಿತ್ತು. ಬಿಸ್ಕತ್ತಿನ ಡಬ್ಬದ ತುಂಬ ಪುಟ್ಟ ಪುಟ್ಟ ಕಪ್ಪು ಡಬ್ಬಿಗಳು, ಒಂದೊಂದಕ್ಕೂ ಎರಡೆರಡು ಕಾಲು. ಏನಯ್ಯ ಇದು ಎಂದರೆ ಅಂಗಡಿಯವನು ಏನೋ ಮಿಲ್ಟ್ರಿ ಸಾಮಾನು ಸಾ ಎಂದು ಬೇರೆ ಗಿರಾಕಿಯ ಕಡೆ ತಿರುಗಿದ. ಒಂದನ್ನು ಬಿಚ್ಚಿ ನೋಡಿದೆ. ಒಳಗೆ ಉಗುರಿನಗಲದ ಸ್ಫಟಿಕದ ಬಿಲ್ಲೆ.

ಈ ಬಿಲ್ಲೆಗೆ ಕರೆಂಟು ಕೊಟ್ಟರೆ ಅದು ನಡುಗುತ್ತದೆ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಒಂದೊಂದು ಬಿಲ್ಲೆಗೂ ಒಂದೊಂದು ಲೆಕ್ಕ, ಆ ಲೆಕ್ಕ ಬಿಟ್ಟು ಅದು ಜಗ್ಗುವುದಿಲ್ಲ. ಸಾಮಾನ್ಯವಾಗಿ ಆ ಲೆಕ್ಕವನ್ನು ಡಬ್ಬಿಯ ಮೇಲೆ ಬರೆದಿರುತ್ತಾರೆ. ನನಗೆ ಸಿಕ್ಕವಕ್ಕೆ ಹೆಸರಿಲ್ಲ, ಊರಿಲ್ಲ. ಮೂವತ್ತೊಂದು ಜನ ಅನಾಮಧೇಯರು! ಅವರವರ ಲೆಕ್ಕ ಪತ್ತೆ ಮಾಡುವುದೇ ನನ್ನ ಹುಚ್ಚು.

ಹೇಗೆ ಪತ್ತೆ ಮಾಡುವುದು? ಒಂದು ಮಣೆಯ ಮೇಲೆ ಒಂದು ರೇಡಿಯೋ ವಾಲ್ವು ಕೂರಿಸಿ, ಬಿಲ್ಲೆಯ ನಡುಕವನ್ನು ಗಾಳಿಗೆ ಬಿಡುವ ಪುಟ್ಟ ಯಂತ್ರ ಮಾಡಿಕೊಂಡೆ. (ಇದಕ್ಕೆ ಲೈಸೆನ್ಸು ಬೇಡವೇ ಎಂದು ಕೇಳಬೇಡಿ. ಅಂಚೆ ಕಛೇರಿಯವರು ಈ ಪ್ಯಾರಾ ಬಿಟ್ಟು ಓದಲಿ.) ಅದಕ್ಕೆ ಕ್ರಿಸ್ಟಲ್ ಸಿಕ್ಕಿಸಿ, ಪಕ್ಕದಲ್ಲಿ ಮನೆಯ ರೇಡಿಯೋ ಹಾಕಿ, ಮುಳ್ಳು ತಿರುಗಿಸುತ್ತ ಹೋಗುವುದು. ಎಲ್ಲಿ ಸಿಳ್ಳೆ ಬರುತ್ತದೋ ಅದೇ ಆ ಕ್ರಿಸ್ಟಲ್ಲಿನ ವಿಳಾಸ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಡಬ್ಬಿಗೆ ಚೀಟಿ ಅಂಟಿಸಿದರೆ ಆ ದಿನ ನನಗೆ ಊಟ ಹೆಚ್ಚು ಸೇರುತ್ತದೆ.

ಇನ್ನು ಪಕ್ಕದ ಮನೆ. ಬೆಲ್ಲದ ಮಂಡಿ ರುದ್ರಪ್ಪನವರದು. ಅವರ ಮಗಳು ಗಿರಿಜೆ ನನ್ನ ಹಳೆಯ ವಿದ್ಯಾರ್ಥಿನಿ. ಸೈನ್ಸಿನಲ್ಲಿ ಅಷ್ಟಕ್ಕಷ್ಟೆ. ಕಂಠ ಮಾತ್ರ ಕೇಳಬೇಕು. ಎರಡು ವರ್ಷ ಪ್ರತಿ ಭಾನುವಾರ ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಸಂಗೀತ ಕಲಿತಳು. ಕೊನೆಗೆ ಬೆಂಗಳೂರಿನ ರೇಡಿಯೋ ಸ್ಟೇಷನ್ನಿನಿಂದ ಕಾಗದ ಬಂತು. ಸಾಯಂಕಾಲ ಆರೂಕಾಲಿಗೆ ಹದಿನೈದು ನಿಮಿಷ, ಎರಡು ವಚನ.

ರುದ್ರಪ್ಪನವರು ಅದಕ್ಕೆಂದೇ ರೇಡಿಯೋ ಕೊಂಡರು. ಯಾವುದು ಕೊಳ್ಳಲಿ ಎಂದು ನನ್ನನ್ನೇ ಕೇಳಿದರು, ನನ್ನದೇ ಮಾಡೆಲ್ ಕೊಡಿಸಿದೆ. ಏರಿಯಲ್ ಕಟ್ಟಿಕೊಡಿ ಎಂದರು, ನಮ್ಮ ಹಿತ್ತಲಿನ ಬಿದಿರು ಗಳಕ್ಕೆ ನನ್ನ ತಂತಿಯ ಪಕ್ಕದಲ್ಲೇ ಅವರ ತಂತಿಯನ್ನೂ ಕಟ್ಟಿದೆ. ಈ ಎರಡು ಉಪಕಾರಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಗಿರಿಜೆ ತಾಯಿಯ ಜೊತೆ ಹಿಂದಿನ ದಿನವೇ ಬೆಂಗಳೂರಿಗೆ ಹೋದಳು. ಅವತ್ತು ರುದ್ರಪ್ಪನವರ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಅರಕಲಗೂಡಿನಿಂದ ಅವಳ ಸೋದರಮಾವ ಬಂದಿದ್ದರು. ಬಂದವರಿಗೆಲ್ಲ ಬೆಲ್ಲ, ಹುರಿಗಡಲೆ. ನನ್ನನ್ನೂ ಕರೆದರು. ಅಲ್ಲಿ ಗಲಾಟೆ, ನಮ್ಮ ಮನೆಯಲ್ಲೇ ಕೇಳುತ್ತೇನೆ ಎಂದೆ. ಗಡಿಯಾರ ನೋಡಿದರೆ ಆರು. ಇನ್ನೂ ಕಾಲು ಗಂಟೆ ಇದೆಯಲ್ಲ, ಒಂದು ಕ್ರಿಸ್ಟಲ್ ನೋಡಿಬಿಡೋಣ ಎನಿಸಿತು. (ಹುಚ್ಚು ಅಂದೆನಲ್ಲ?)

ಡಬ್ಬದ ತಳದಲ್ಲಿದ್ದ ಒಂದು ದಪ್ಪ ಡಬ್ಬಿಯನ್ನು ಸಿಕ್ಕಿಸಿದೆ. ಸಿಳ್ಳೆ ಬಂತು. ಮುಳ್ಳು ತಿರುಗಿಸಿದೆ. ಮುಂದಿನ ಸ್ಟೇಷನ್ನಿನಲ್ಲೂ ಸಿಳ್ಳೆ. ಅದರ ಮುಂದಿನದರಲ್ಲೂ ಸಿಳ್ಳೆ. ಒಂದು ಕ್ರಿಸ್ಟಲ್ಲಿಗೆ ಒಂದು ವಿಳಾಸ ತಾನೆ? ಇದೇನು, ಊರ ತುಂಬ ಮನೆ ಮಾಡಿಕೊಂಡಿದೆಯಲ್ಲ? ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ತಿರುಗಿಸಿದೆ. ನೋಟ್‌ಬುಕ್ಕಿನಲ್ಲಿ ಬರೆದೆ: ‘ಯಾವ ಸ್ಟೇಷನ್ನಿಗೆ ತಿರುಗಿಸಿದರೂ ಸಿಳ್ಳೆ.’ ಕೆಳಗೆ ಎರಡು ಗೆರೆ ಎಳೆದೆ. ತಲೆಯೆತ್ತಿ ಗಡಿಯಾರ ನೋಡಿದಾಗ ಆರೂಮುಕ್ಕಾಲು.

ಹಾಡು ಮುಗಿದೇ ಹೋಗಿತ್ತು.

ಬೆಳಿಗ್ಗೆ ರುದ್ರಪ್ಪನವರು ಎದುರಾದರು. ಕೇಳಲಿಲ್ಲ ಎಂದು ಹೇಳಲು ನನಗೆ ಮುಖವಿಲ್ಲ. ಬಹಳ ಚೆನ್ನಾಗಿತ್ತು ಎಂದುಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು, ಹೌದಾ ಎಂದರು, ಮಂಡಿಯ ಕಡೆ ನಡೆದರು. ಆ ನೋಟದ ಅರ್ಥ ನನಗಾಗಲಿಲ್ಲ. ಗಿರಿಜೆ ಬಂದಿಳಿದ ದಿನ ಬೀದಿಗೆ ಬೀದಿಯೇ ಹೊಗಳಿತು. ನಾನೂ ನನ್ನ ಸುಳ್ಳನ್ನು ಮತ್ತೊಮ್ಮೆ ಹೇಳಿದೆ. ಎರಡನೇ ವಚನದ ಹೊತ್ತಿಗೆ ನಿಮ್ಮಪ್ಪ ಅತ್ತೇಬಿಟ್ಟರು ಕಣಮ್ಮ ಎಂದು ಸೋದರಮಾವ ಹೇಳಿದರು. ಎಲ್ಲರೂ ಕೇಳಿದ್ದನ್ನು ನಾನೊಬ್ಬನೇ ಕಳೆದುಕೊಂಡೆನಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ಹತ್ತು ದಿನವಾಯಿತು. ಗಿರಿಜೆ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ರುದ್ರಪ್ಪನವರು ನನ್ನನ್ನು ಕರೆದರು. ರೇಡಿಯೋದಲ್ಲಿ ಏನೋ ಕೆಟ್ಟಿದೆ, ಬಿಚ್ಚಿ ನೋಡಿ ಎಂದರು. ಹಾಕಿ ನೋಡಿದರೆ ಸೊಗಸಾಗಿ ಮಾತಾಡುತ್ತಿದೆ. ಆದರೂ ಹಿಂದಿನ ಹಲಗೆಯ ತಿರುಪು ಬಿಚ್ಚುತ್ತ, ಕೆಟ್ಟಿದ್ದು ಏನು ಎಂದು ಕೇಳಿದೆ. ಅವರು ಬಾಗಿಲು ಮುಂದಕ್ಕೆಳೆದು ಬಂದು ಕೂತರು.

‘ಅವತ್ತು ಒಂದಕ್ಷರ ಕೇಳ್ಲಿಲ್ಲ ಕಣ್ರೀ ಮೇಷ್ಟ್ರೇ. ಮಗಳ ಎಸರು ಏಳೋಕ್ಕೆ ಮುಂಚೇನೇ ಸುರುವಾಗ್ಬುಡ್ತು. ಯಾವ್ ಸ್ಟೇಷನ್ಗೆ ತಿರುಗ್ಸಿದ್ರೂ ಸಿಳ್ಳೆ. ಕಿವಿ ಅಂಟಿಸ್ಕಂಡೇ ಕೂತಿದ್ದೆ, ಎಲ್ಲಾದ್ರೂ ಒಂದ್ ಚೂರು ಕೇಳಿಸ್ತದೇನೋ ಅಂತ. ಮಗೀಗೆ ಏಳ್ಬ್ಯಾಡಿ. ಬೀದಿಯೋರ್ಗೆಲ್ಲ ಏಳಿವ್ನಿ.’

ಸ್ಕ್ರೂಡ್ರೈವರು ಬಿದ್ದದ್ದು ಆಗಲೇ.

ನನ್ನ ನೋಟ್‌ಬುಕ್ಕಿನ ವಾಕ್ಯ ಅವರ ಬಾಯಲ್ಲಿ! ಮನೆಗೆ ಹೋಗಿ ರೇಡಿಯೋದ ಜೊತೆ ಕೊಟ್ಟಿದ್ದ ಪುಸ್ತಕ ತೆಗೆದೆ. ಪ್ರತಿ ರೇಡಿಯೋದ ಹೊಟ್ಟೆಯಲ್ಲೂ ಒಂದು ಗುಟ್ಟಿನ ಲೆಕ್ಕ ಇರುತ್ತದೆ. ಯಾವ ಸ್ಟೇಷನ್ ಹಿಡಿದರೂ ಸೆಟ್ಟು ಅದನ್ನು ಮೊದಲು ಆ ಲೆಕ್ಕಕ್ಕೆ ತಂದುಕೊಂಡು ಆಮೇಲೆ ನಮಗೆ ಕೇಳಿಸುತ್ತದೆ. ನನ್ನ ಸೆಟ್ಟಿನದು ನಾನೂರೈವತ್ತೈದು ಕಿಲೋಸೈಕಲ್. ಆ ದಪ್ಪ ಕ್ರಿಸ್ಟಲ್ಲಿನದೂ ಅದೇ ಇರಬೇಕು, ಇಲ್ಲದಿದ್ದರೆ ಎಲ್ಲ ಕಡೆ ಸಿಳ್ಳೆ ಬರುವುದಿಲ್ಲ. ಸ್ಟೇಷನ್ನುಗಳೆಲ್ಲ ಹಾದುಬರಬೇಕಾದ ಒಂದೇ ಬಾಗಿಲಲ್ಲಿ ಅದು ನಿಂತು ಕೂಗಿದೆ. ಅವರ ಸೆಟ್ಟೂ ಅದೇ ಮಾಡೆಲ್. ಅವರ ತಂತಿಯೂ ಅದೇ ಗಳದ ಮೇಲೆ. ನನ್ನ ಎರಡು ಉಪಕಾರ!

ರೆಕಾರ್ಡಿಲ್ಲ, ಇನ್ನೊಮ್ಮೆ ಹಾಕಿ ಎನ್ನುವ ಹಾಗಿಲ್ಲ, ಗಾಳಿಯಲ್ಲಿ ಹೋದದ್ದು ಹೋಯಿತು. ಗೋಡೆಯ ಈಚೆ ನಾನು ಹೊಸದೇನೋ ಸಿಕ್ಕಿತೆಂದು ಹಿಗ್ಗುತ್ತಿದ್ದೆ, ಆಚೆ ಒಬ್ಬ ತಂದೆ ಸಿಳ್ಳೆಗೆ ಕಿವಿಯೊಡ್ಡಿ ಕೂತಿದ್ದರು. ಹೋಗಿ ಹೇಳಬೇಕು ಎಂದುಕೊಂಡೆ. ಹೇಳಿದೆನೇ? ಇಲ್ಲ. ಹೇಗೂ ಹುಡುಗಿ ಖುಷಿಯಾಗಿದ್ದಾಳಲ್ಲ ಎಂದು ಸುಮ್ಮನಾದೆ.

ಕಳೆದ ಭಾನುವಾರ ಗಿರಿಜೆ ನಮ್ಮ ಮನೆಗೆ ಬಂದಳು. ಹಾಸನದ ಬಸ್ಸಿನಲ್ಲಿರಬೇಕಾಗಿದ್ದ ಹೊತ್ತು. ಕೈಯಲ್ಲಿ ಸ್ಟೇಷನ್ನಿನ ಇನ್ನೊಂದು ಕಾಗದ. ಮತ್ತೆ ಹಾಡಲು ಕರೆದಿದ್ದಾರೆ. ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದುಕೊಡಿ ಎಂದಳು.

ಯಾಕಮ್ಮ ಎಂದೆ. ಎರಡನೇ ವಚನದಲ್ಲಿ ಒಂದು ಸಾಲು ಮರೆತು ತಡವರಿಸಿದಳಂತೆ, ಶ್ರುತಿಯೂ ತಪ್ಪಿತಂತೆ. ಊರಿಗೆ ಬಂದರೆ ಒಬ್ಬರೂ ಆ ಮಾತೆತ್ತಲಿಲ್ಲ. ಅಲ್ಲಿ ಏನಾಯಿತಮ್ಮ ಎಂದು ಒಬ್ಬರಾದರೂ ಕೇಳಬೇಡವೆ? ಎಲ್ಲರೂ ಹೊಗಳುವವರೇ. ಅಂದ ಮೇಲೆ ಅದು ಎಷ್ಟು ಕೆಟ್ಟದಾಗಿತ್ತೋ, ಅದಕ್ಕೇ ಎಲ್ಲರೂ ಸೇರಿಕೊಂಡು ಮುಚ್ಚುತ್ತಿದ್ದಾರೆ ಎಂದು ಅವಳು ತೀರ್ಮಾನಿಸಿದ್ದಳು. ಅಪ್ಪ ಅತ್ತದ್ದು ಅವಮಾನಕ್ಕೆ ಎಂದು. ಪಾಠಕ್ಕೆ ಹೋಗುವುದನ್ನೂ ನಿಲ್ಲಿಸಿದ್ದಳು.

ನನ್ನ ಸಿಳ್ಳೆ ಮುಕ್ಕಾಲು ಗಂಟೆಯದು. ನಮ್ಮೆಲ್ಲರ ಒಳ್ಳೆಯತನದ ಸಿಳ್ಳೆ ಹದಿನೈದು ದಿನದಿಂದ ನಿಂತಿರಲಿಲ್ಲ.

‘ನಂಗೆ ಸೈನ್ಸಲ್ಲಿ ಇಪ್ಪತ್ತೈದಕ್ಕೆ ಏಳು ಕೊಟ್ಟೋರು ನೀವು’ ಎಂದಳು. ‘ನೀವಾದ್ರೂ ನಿಜ ಹೇಳಿ ಸಾ.’

ಯಂತ್ರದ ಮಣೆಯನ್ನು ಎಳೆದುಕೊಂಡೆ. ದಪ್ಪ ಡಬ್ಬಿ ಸಿಕ್ಕಿಸಿ ರೇಡಿಯೋ ಹಾಕಿದೆ. ಸಿಳ್ಳೆ ಬಂತು. ನೀನೇ ತಿರುಗಿಸಿ ನೋಡು ಎಂದೆ. ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿದಳು. ಅವತ್ತು ನಿನ್ನ ಹಾಡು ಈ ಬೀದಿಗೆ ಕೇಳಿಸಿದ್ದು ಹೀಗೆ, ಮಾಡಿದವನು ನಾನು ಎಂದೆ.

ಬೈಯುತ್ತಾಳೆ ಎಂದುಕೊಂಡೆ. ಯಾರೂ ಕೇಳಲಿಲ್ಲವಾ ಎಂದಳು. ಯಾರೂ ಇಲ್ಲ. ನೀವು? ನಾನೂ ಇಲ್ಲ. ಅಪ್ಪ? ಒಂದಕ್ಷರವೂ ಇಲ್ಲ. ನಿಧಾನವಾಗಿ ಕೂತಳು. ತಾನೇ ಸ್ವಿಚ್ಚು ಆರಿಸಿದಳು, ಕ್ರಿಸ್ಟಲ್ಲನ್ನು ಕಿತ್ತು ಸ್ಟೇಷನ್ನಿನ ಕಾಗದದ ಕವರಿಗೆ ಹಾಕಿಕೊಂಡಳು. ಇದು ಇನ್ನು ಮೇಲೆ ನನ್ನ ಹತ್ತಿರ, ಬೆಂಗಳೂರಿಗೂ ಜೊತೆಯಲ್ಲೇ ಬರುತ್ತದೆ ಎಂದಳು. ಬರುತ್ತೇನೆ ಎಂದು ಬರೆಯುವಷ್ಟು ಇಂಗ್ಲಿಷ್ ತನಗೇ ಬರುತ್ತದಂತೆ.

(ಇದನ್ನು ಬರೆಯಲು ಹೇಳಿದವಳೂ ಅವಳೇ. ಅಪ್ಪನ ಎದುರು ನಿಂತು ಹೇಳಲು ತನಗೆ ಆಗುವುದಿಲ್ಲವಂತೆ. ರುದ್ರಪ್ಪನವರು ಈ ಅಂಕಣವನ್ನು ತಪ್ಪದೆ ಓದುತ್ತಾರೆ.)

ಬಾಗಿಲವರೆಗೆ ಹೋದವಳು ತಿರುಗಿ ನಿಂತು ಒಂದು ಪ್ರಶ್ನೆ ಕೇಳಿದಳು.

‘ಹಂಗಾದ್ರೆ ಅಪ್ಪ ಅತ್ತಿದ್ದು ಯಾಕೆ ಸಾ?’