ಬಾಣಂತಿಗೆ ಹೊನಗೊನ್ನೆ

ಕುಟ್ಟದ ಹತ್ತಿರ ಬಿಳಿಯ ದೊರೆಯೊಬ್ಬರ ಕಾಫಿ ಎಸ್ಟೇಟಿನಲ್ಲಿ ನಮ್ಮ ಯಜಮಾನರು ಆಳುಗಳನ್ನೂ ಲೆಕ್ಕವನ್ನೂ ನೋಡಿಕೊಳ್ಳುವ ರೈಟರ್ ಆಗಿದ್ದರು. ದೊರೆಗೆ ಕಳೆಯೆಂದರೆ ಆಗದು. ಕಾಫಿಯ ಬುಡದಲ್ಲಿ ಒಂದು ಹಸಿರೆಲೆ ಕಂಡರೂ ರೈಟರಿಗೆ ಮಂಗಳಾರತಿ. ಹಾಗಾಗಿ ಇವರು ಆಳುಗಳಿಂದ ನೆಲವನ್ನು ಕೆರೆಸಿ ಕೆರೆಸಿ ಅಂಗೈಯಂತೆ ಮಾಡಿಸಿದ್ದರು. ಮಳೆ ಬಂದರೆ ಕೆಂಪು ಮಣ್ಣೆಲ್ಲ ಕೊಲ್ಲಿಗೆ, ತೋಟದ ತಗ್ಗಿನ ತೊರೆಗೆ, ಇಳಿದು ಹರಿದುಹೋಗುತ್ತಿತ್ತು. ನನಗೆ ಆ ಬೋಳು ನೆಲ ಕಂಡರೆ ಮೈ ಉರಿಯುತ್ತಿತ್ತು, ಆದರೆ ಹೇಳಿದರೆ ಕೇಳುವವರು ಯಾರು?

ಚೊಚ್ಚಲ ಹೆರಿಗೆ ಅಲ್ಲೇ ಆಯಿತು, ತಿಂಗಳು ತುಂಬುವ ಮೊದಲೇ. ತವರಿಗೆ ಹೋಗಲು ಪುರಸೊತ್ತೇ ಸಿಗಲಿಲ್ಲ. ಹೆಣ್ಣು ಕೂಸು, ಹಿಡಿಯಷ್ಟು. ನನಗೆ ಹಾಲೇ ಇಳಿಯದು. ಹಸುವಿನ ಹಾಲಿಗೆ ನೀರು ಬೆರೆಸಿ ಬತ್ತಿಯಲ್ಲಿ ಕುಡಿಸಿದರೆ ಕಕ್ಕುತ್ತಿತ್ತು. ಅಳುವ ದನಿ ದಿನೇ ದಿನೇ ಸಣ್ಣಗಾಯಿತು. ಈ ಕೂಸು ಉಳಿಯುವುದಿಲ್ಲವೆಂದು ನನಗೆ ಜೀವವೇ ಹಾರಿಹೋಗಿತ್ತು.

ಸೋಮವಾರಪೇಟೆ ಕಡೆಯಿಂದ ಅವ್ವ ಗಾಡಿ ಕಟ್ಟಿಸಿಕೊಂಡು ಬಂದಳು. ಬಂದವಳೇ ಹೊನಗೊನ್ನೆ ಸೊಪ್ಪು ಬೇಕೆಂದಳು. ನಮ್ಮೂರಲ್ಲಿ ಅದು ಗದ್ದೆಯ ಬದುವಿನ ಮೇಲೆ ಹಬ್ಬಿ, ಗೆಣ್ಣುಗೆಣ್ಣಿಗೂ ಬೇರೂರಿ, ಎಲೆಯ ಸಂದಿಯಲ್ಲಿ ಪುಟ್ಟ ಬಿಳಿ ಹೂ ಬಿಟ್ಟುಕೊಂಡು ಬಿದ್ದಿರುತ್ತದೆ. ಕಣ್ಣಿಗೆ ತಂಪು, ಬಾಣಂತಿಗೆ ಹಾಲು ಎನ್ನುತ್ತಾರೆ; ಕರು ಹಾಕಿದ ಹಸುವಿಗೂ ತಿನ್ನಿಸುತ್ತಾರೆ. ಅವ್ವ ಆಳುಗಳ ಲೈನುಮನೆಗಳ ಸುತ್ತೆಲ್ಲ ಹುಡುಕಿ ಬರಿಗೈಯಲ್ಲಿ ಬಂದಳು.

ಅತ್ತೆ ಅಳಿಯನೊಡನೆ ನೇರವಾಗಿ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಇವರು ಜಗಲಿಯಲ್ಲಿ ಕೂತಿದ್ದಾಗ ಅವ್ವ ಬಾಗಿಲ ಹಿಂದೆ ನಿಂತು, ಕೈಯಲ್ಲಿದ್ದ ಕೂಸಿಗೆ ಹೇಳಿದಳು: "ನಿಮ್ಮಪ್ಪ ನೆಲಾನೆಲ್ಲ ಬೋಳಿಸವ್ರೆ ಕಣವ್ವ. ದೊರೆ ಮೆಚ್ಚುದ್ರೆ ಸಾಕು, ನಿನ್ ಹೊಟ್ಟೆ ಹೆಂಗಾದ್ರೇನು?"

ಇವರು ತಟ್ಟನೆ ಎದ್ದು ಹೋದರು. ಕೋಪ ಬಂತೆಂದುಕೊಂಡು ನಾನು ಅವ್ವನ ಮೇಲೆ ರೇಗಿದೆ.

ಊಟದ ಹೊತ್ತಿಗೆ ಮರಳಿದರು. ಮೊಣಕಾಲವರೆಗೆ ಕೆಸರು, ಹೆಗಲ ವಸ್ತ್ರದ ತುಂಬ ಹೊನಗೊನ್ನೆ, ಹೂ ಸಮೇತ.

"ಎಲ್ಲಿತ್ತು?" ಎಂದೆ.

"ಕಿತ್ತ ಕಳೆನೆಲ್ಲ ಕೊಲ್ಲಿ ಪಕ್ಕ ಹಾಕ್ಸಿದ್ನಲ್ಲ, ಅಲ್ಲೇ ಬೇರು ಬಿಟ್ಕಂಡು ಹಬ್ಬೈತೆ. ಸಾಯ್ಲಿ ಅಂತ ಎಸ್ದಿದ್ದು!" ಎಂದು ನಕ್ಕರು. ಹೆರಿಗೆಯಾದ ಮೇಲೆ ಮೊದಲ ಸಲ ನನಗೂ ನಗು ಬಂತು.

ಅವ್ವ ಸೊಪ್ಪನ್ನು ತೊಗರಿಬೇಳೆಯೊಡನೆ ಬೇಯಿಸಿ, ಬೆಳ್ಳುಳ್ಳಿ, ಕಾಳುಮೆಣಸು ಜಜ್ಜಿ ಹಾಕಿ, ತುಪ್ಪದ ಒಗ್ಗರಣೆ ಕೊಟ್ಟು ಬಿಸಿ ಅನ್ನಕ್ಕೆ ಕಲಸಿ ಉಣ್ಣಿಸಿದಳು. ಇವರು ದಿನವೂ ಕುಯ್ದು ತಂದರು. ಚಿವುಟಿದಷ್ಟೂ ಅದು ಚಿಗುರುತ್ತಿತ್ತು. ದೊರೆ ಕೊಲ್ಲಿಯ ಕಡೆ ಹೊರಟರೆ, ಆ ಕಳೆ ಕಣ್ಣಿಗೆ ಬೀಳದಂತೆ ಇವರು ಏನಾದರೂ ನೆಪ ಹೇಳಿ ಬೇರೆ ದಾರಿ ಹಿಡಿಸುತ್ತಿದ್ದರಂತೆ. ಸುಳ್ಳು ಹೇಳಲು ಬಾರದ ಮನುಷ್ಯ, ಹೇಗೆ ನಿಭಾಯಿಸಿದರೋ!

ಹಾಲು ತಂದದ್ದು ಸೊಪ್ಪೋ, ಅವ್ವನ ಕೈಗುಣವೋ, ನನ್ನ ಹೆದರಿಕೆ ಇಳಿದದ್ದೋ, ಬಲ್ಲವರು ಹೇಳಲಿ. ಒಂದು ಬೆಳಗ್ಗೆ ಎದ್ದಾಗ ರವಿಕೆ ಒದ್ದೆಯಾಗಿತ್ತು. ಕೂಸು ಗುಟುಗುಟು ಕುಡಿಯಿತು. ಹಾಲು ಗಂಟಲಲ್ಲಿ ಇಳಿಯುವ ಸದ್ದು ನನಗೆ ಕೇಳಿಸಿತು. ಆಮೇಲೆ ತಾನಾಗಿಯೇ ಮೊಲೆ ಬಿಟ್ಟು, ಕಟವಾಯಲ್ಲಿ ಹಾಲು ಸುರಿಸುತ್ತ ನಿದ್ದೆಹೋಯಿತು.