ರದ್ದಿ ಮಾಮ ತೂಗದೆ ಇಟ್ಟ ಪುಸ್ತಕ

ಮಾಳಿಗೆಯಿಂದ ಇಳಿಸಿದ ಪೆಟ್ಟಿಗೆ ತೆರೆದದ್ದೇ ತಡ, ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮಳೆಗಾಲದ ತೇವ ಕುಡಿದು ಬೂಷ್ಟು ಹಿಡಿದ ನುಣುಪು ಕಾಗದದ ನಾತ. ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಎಳೆದರೆ ಬಣ್ಣ ಕಿತ್ತು ಬೆರಳಿಗೆ ಹತ್ತುತ್ತಿತ್ತು. ಕಡಲಹಕ್ಕಿ, ನೀರಹಕ್ಕಿ, ಬೇಟೆಹಕ್ಕಿಗಳನ್ನು ಗುರುತಿಸಲು ಪರದೇಶದವರು ಮಾಡಿಕೊಂಡ ಕೈಪಿಡಿ ಅದು. ಥೂ, ಈ ದರಿದ್ರ ಇನ್ನೂ ಮನೆಯಲ್ಲಿದೆಯಾ ಅಂದುಕೊಂಡೆ. ಎರಡು ಸಲ ಸೋಪು ಹಾಕಿ ಕೈ ತೊಳೆದರೂ ನಾತ ಹೋಗಲಿಲ್ಲ... ಅದರ ಬೆನ್ನಿಗೇ ಡೊಂಬಿವಲಿಯ ರದ್ದಿ ಮಾಮ ನೆನಪಾದರು.

ಸ್ಟೇಷನ್ನಿನಿಂದ ಅಮ್ಮನ ಮನೆಗೆ ಹೋಗುವ ದಾರಿಯಲ್ಲಿ ಅವರ ಅಂಗಡಿ ಇತ್ತು. ಹಳೇ ಪೇಪರು, ಪುಸ್ತಕ, ಬಾಟಲಿ ತೂಗಿ ಕೊಳ್ಳುವ ರದ್ದಿ ಅಂಗಡಿ. ಕುಂದಾಪುರದ ಕಡೆಯವರು. ಹೋಟೆಲ್ ಕೆಲಸಕ್ಕೆಂದು ಬಂದವರು ಎಣ್ಣೆ ಹೊಗೆ ಆಗಿಬರದೆ ಕಾಗದದ ಧೂಳಿಗೆ ಬಿದ್ದಿದ್ದರು. ಮಾಸಿದ ಬನಿಯನ್ನು, ಕಿವಿಯ ಮೇಲೊಂದು ಪೆನ್ಸಿಲು, ಬಾಯಿ ತುಂಬ ಎಲೆಯಡಿಕೆ. ಮಾತು ಶುರು ಮಾಡುವ ಮೊದಲು ಕಾಲಬುಡದ ಡಬ್ಬಕ್ಕೆ ಉಗಿಯುತ್ತಿದ್ದರು. ನನಗೆ ಅದನ್ನು ಕಂಡರೆ ಮೈಯೆಲ್ಲ ಮುದುಡುತ್ತಿತ್ತು. ಆದರೆ ಹಕ್ಕಿಗಳ ಪುಸ್ತಕ ಮುಟ್ಟುವ ಮೊದಲು ಇದೇ ಮನುಷ್ಯ ಬಾಯಿ ಮುಕ್ಕಳಿಸಿ, ಕೈ ತೊಳೆದು, ಪಂಚೆಗೆ ಒರೆಸಿಕೊಳ್ಳುತ್ತಿದ್ದರು.

ಭಾನುವಾರ ಮಧ್ಯಾಹ್ನದವರೆಗೆ ಅವರಿಗೆ ಖಾಡಿಯ ಹುಚ್ಚು. ಠಾಣೆ, ಕಲ್ಯಾಣ, ವಾಶಿ, ಎಲ್ಲಿ ಉಪ್ಪುನೀರು ಒಳಗೆ ಬರುತ್ತದೋ ಅಲ್ಲಿ ಊಟದ ಡಬ್ಬಿ, ದುರ್ಬೀನು ಹಿಡಿದು ಹಾಜರು. ರದ್ದಿಯಲ್ಲಿ ಬಂದ ಹಕ್ಕಿಗಳ ಪುಸ್ತಕಗಳನ್ನು ಬೇರೆಯೇ ಕಪಾಟಿನಲ್ಲಿಡುತ್ತಿದ್ದರು. ಅವನ್ನು ತೂಗುತ್ತಿರಲಿಲ್ಲ. ಕೇಳಿದವರಿಗೆಲ್ಲ ಕೊಡುತ್ತಲೂ ಇರಲಿಲ್ಲ. ಮೊದಲು ಎಡಗೈಯೊಂದರಲ್ಲೇ ಹಿಡಿದು ಪುಟ ತಿರುಗಿಸಿ ತೋರಿಸಬೇಕು. ಬಲಗೈಯಲ್ಲಿ ದುರ್ಬೀನು ಇರುತ್ತದಲ್ಲ. ಆಮೇಲೆ ಹದ್ದಿನ ಪುಟ ತೆರೆಯಬೇಕು.

“ಹದ್ದು ಹಾರುದು ನಿನ್ನ ತಲೆ ಮೇಲೆ ಅಲ್ವಾ ಮಾರಾಯ್ತಿ? ನಿಂಗೆ ಕಾಣುದು ಅದ್ರ ಹೊಟ್ಟೆ. ಕೊಂಬೆ ಮೇಲೆ ಕೂತ ಚಿತ್ರ ಇಟ್ಕೊಂಡು ಎಂಥ ಮಾಡ್ತಿ?”

ಕೆಳಗಿನಿಂದ ಕಂಡ ರೆಕ್ಕೆ, ಬಾಲದ ಚಿತ್ರವಿಲ್ಲದ ಪುಸ್ತಕ ಅಲ್ಲಿಗೇ ಮುಗಿಯಿತು. ನಂತರ ನೀರಹಕ್ಕಿ. ನಮ್ಮ ಖಾಡಿಗೆ ಅವು ಬರುವುದು ಚಳಿಗಾಲದಲ್ಲಿ, ಮದುವೆ ಸೀರೆ ಊರಲ್ಲೇ ಬಿಚ್ಚಿಟ್ಟು ಮನೆ ಸೀರೆ ಉಟ್ಟುಕೊಂಡು ಬರುತ್ತವೆ ಅನ್ನುತ್ತಿದ್ದರು. ಬರೀ ಮದುವೆ ಸೀರೆಯ, ಅಂದರೆ ಗೂಡು ಕಟ್ಟುವ ಕಾಲದ ಬಣ್ಣದ, ಚಿತ್ರವಿದ್ದರೆ ಅದೂ ಬೇಡ. ಕಡಲಹಕ್ಕಿಯದ್ದು ಮೊದಲ ವರ್ಷದ ಬಣ್ಣ, ಎರಡನೇ ವರ್ಷದ ಬಣ್ಣ ಬೇರೆ ಬೇರೆ ತೋರಿಸಿರಬೇಕು. ಕೊನೆಯ ಮಾತೊಂದು ಅವರಿಗೆ ಕಟ್ಟಳೆಯೇ: ಮರಿಯ ಚಿತ್ರ ಇಲ್ಲದ ಪುಸ್ತಕವನ್ನು ಮನೆಗೆ ಒಯ್ಯಬೇಡ. ನಾನು ಹೂಂ ಹೂಂ ಅನ್ನುತ್ತ ಗಡಿಯಾರ ನೋಡುತ್ತಿದ್ದೆ.

ನಾನಿರುವುದು ಖಾರಘರದಲ್ಲಿ. ನಮ್ಮ ಬಿಲ್ಡಿಂಗಿನ ಹಿಂದೆ ಆಗ ಒಂದು ತಲಾವ್, ಸಣ್ಣ ಕೆರೆ, ಇತ್ತು, ದಡದಲ್ಲಿ ದೊಡ್ಡದೊಂದು ಮಳೆಮರ. ಆ ಜಾಗದ ಮೇಲೆ ಬಿಲ್ಡರನೊಬ್ಬನ ಕಣ್ಣು ಬಿತ್ತು. ಅಲ್ಲಿ ಸೊಳ್ಳೆ ಬಿಟ್ಟರೆ ಏನೂ ಇಲ್ಲ, ಮುಚ್ಚಲು ಬಿಡಿ ಎಂದು ಅರ್ಜಿ ಹಾಕಿದ. ನಾವು ತಕರಾರು ಮಾಡಿದೆವು. ಹಕ್ಕಿಗಳಿದ್ದರೆ ಪಟ್ಟಿ ಕೊಡಿ, ಬಂದು ನೋಡುತ್ತೇವೆ ಎಂದರು ಕಚೇರಿಯವರು. ಬಾಲ್ಕನಿಯಲ್ಲಿ ನಿಂತು ಹಕ್ಕಿ ನೋಡುವವಳು ನಾನೊಬ್ಬಳೇ ಆದ್ದರಿಂದ ಸೊಸೈಟಿಯವರು ಪಟ್ಟಿಯ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ತಲಾವ್ ಉಳಿಯುವುದು ಬಿಡುವುದು ಆ ಒಂದು ಪಟ್ಟಿಯ ಮೇಲಿತ್ತು.

ವಿಷಯ ಕೇಳಿ ಮಾಮ ಅಂಗೈಯಗಲದ ಪುಸ್ತಕವೊಂದನ್ನು ತೆಗೆದಿಟ್ಟರು. ರಟ್ಟು ಹರಿದು, ಅಂಚಿಗೆ ಚಹಾದ ಕಲೆ. ಒಳಗೆಲ್ಲ ಕೈಯಲ್ಲಿ ಬಿಡಿಸಿದ ಚಿತ್ರಗಳು. ನಾನು ಮೂಗು ಮುರಿದೆ. ಶಾಲೆ ಮಕ್ಕಳ ಪುಸ್ತಕದ ಹಾಗಿದೆ ಮಾಮ ಅಂದೆ. ಅಷ್ಟರಲ್ಲಿ ಮೂಲೆಯಲ್ಲಿ, ಕಾಗದದ ಕಾರ್ಖಾನೆಗೆಂದು ಕಟ್ಟಿಟ್ಟ ಗಂಟಿನಲ್ಲಿ, ಈ ಫಳಫಳ ಫೋಟೋಗಳ ದೊಡ್ಡ ಪುಸ್ತಕ ಕಣ್ಣಿಗೆ ಬಿತ್ತು. ಅದು ಕೊಡಿ ಅಂದೆ.

“ಅದು ಬೇಡ. ಅದ್ರ ಊರಲ್ಲಿ ಅದು ಒಳ್ಳೇ ಪುಸ್ತಕವೇ. ಇಲ್ಲಿ ಸುಳ್ಳು ಹೇಳ್ತದೆ. ಇಲ್ಲಿನ ಹಕ್ಕಿಯೇ ಅದ್ರಲ್ಲಿಲ್ಲ, ಮತ್ತೆ ನೀನು ಕಂಡದ್ದನ್ನು ಇನ್ನೊಂದರ ಹೆಸರಿಗೆ ಹಚ್ಚುದಲ್ವಾ?” ಎಂದರು. ಇದ್ದುದರಲ್ಲಿ ಚಂದದ ಪುಸ್ತಕವನ್ನು ಹರಿದು ಹಾಕಲು ಇಟ್ಟುಕೊಂಡು ನನಗೆ ಚಿಂದಿ ಕೊಡುತ್ತಾರಲ್ಲ ಎಂದು ನನಗೆ ಉರಿಯಿತು. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಸೊಸೈಟಿ ಮೀಟಿಂಗಿನಲ್ಲಿ ಮೇಜಿನ ಮೇಲೆ ಧಪ್ಪೆಂದು ಇಡುವಂಥ ಪುಸ್ತಕ. ಈಗ ಬರೆಯುವಾಗಲೂ ನನ್ನ ಬಗ್ಗೆ ನನಗೆ ಹೇಸಿಗೆಯಾಗುತ್ತದೆ.

ಮರುದಿನ ಅವರು ಊಟಕ್ಕೆ ಹೋಗುವ ಹೊತ್ತು ನೋಡಿಯೇ ಹೋದೆ. ಅಂಗಡಿಯಲ್ಲಿ ಮಾಮಿ ಇದ್ದರು. ಅವರಿಗೆ ಹಕ್ಕಿಯ ಗೊಡವೆ ಇಲ್ಲ. ಗಂಟಿನಿಂದ ನಾನೇ ಪುಸ್ತಕ ಎಳೆದು ತಕ್ಕಡಿಗೆ ಹಾಕಿದೆ, ಮಾಮ ಕೊಡಲು ಹೇಳಿದ್ದಾರೆ ಅಂದೆ. ಮಾಮಿ ತೂಗಿ ಕೊಟ್ಟರು. ಕಳ್ಳಿಯ ಹಾಗೆ ಚೀಲಕ್ಕೆ ತುರುಕಿಕೊಂಡು ಬಂದೆ.

ನಾಲ್ಕು ವಾರ ಬೆಳಿಗ್ಗೆ ಬೆಳಿಗ್ಗೆ ತಲಾವಿನ ದಡದಲ್ಲಿ ನಿಂತು ಪಟ್ಟಿ ಮಾಡಿದೆ. ಬಕ, ನೀರುಕಾಗೆ, ಉಲ್ಲಂಕಿ, ಇವೆಲ್ಲ ಸರಿಯಾಗಿಯೇ ಇದ್ದವು. ಆದರೆ ಮಳೆಮರದ ಮೇಲೆ ಕಂದುಬಣ್ಣದ ಬೇಟೆಹಕ್ಕಿಯೊಂದು ದಿನಾ ತೂರಾಡುತ್ತ ಹಾರುತ್ತಿತ್ತು. ರೆಕ್ಕೆಯಡಿ ಮಾಸಲು ಬಿಳಿ ಪಟ್ಟೆ. ದೊಡ್ಡ ಪುಸ್ತಕದಲ್ಲಿ ಅದಕ್ಕೆ ಹೋಲುವುದು ಒಂದೇ ಇತ್ತು: ರೆಡ್ ಕೈಟ್ ಎಂಬ ಹದ್ದು. ಬಾಲ ಸರಿಹೊಂದಲಿಲ್ಲ, ಚಿತ್ರದ್ದು ಕವಲು, ಇದರದ್ದು ದುಂಡಗೆ; ಬೆಳಕಿನ ಆಟವಿರಬಹುದು ಅಂದುಕೊಂಡೆ. ಅಪರೂಪದ್ದೆಂದು ಅದನ್ನೇ ಪಟ್ಟಿಯ ತಲೆಯಲ್ಲಿ ಬರೆದೆ.

ಕಚೇರಿಯ ಸಾಹೇಬರು ಸ್ಥಳ ನೋಡಲು ಬಂದ ದಿನ ಬಿಲ್ಡರನ ಕಡೆಯವನೊಬ್ಬ ಪಕ್ಷಿ ಬಲ್ಲವನನ್ನು ಕರೆತಂದಿದ್ದ. ಆತ ಪಟ್ಟಿಯ ಮೊದಲ ಸಾಲು ಓದಿ ನಕ್ಕ. “ಮ್ಯಾಡಮ್, ಹೀ ಘಾರ್ ಯುರೋಪಾತ್ ಅಸತೇ,” ಈ ಹದ್ದು ಇರುವುದು ಯುರೋಪಿನಲ್ಲಿ ಎಂದ. ಬಿಲ್ಡರನವನು ತಡಮಾಡಲಿಲ್ಲ: “ಸಾಬ್, ಬಾಕೀ ಲಿಸ್ಟ್ ಭೀ ಐಸಾ ಹೀ ಹೋಗಾ.” ಉಳಿದದ್ದೂ ಇಂಥದ್ದೇ! ಸಾಹೇಬರು ಎರಡನೇ ಸಾಲಿಗೆ ಕಣ್ಣನ್ನೂ ಹಾಯಿಸಲಿಲ್ಲ. ಅವರು ಪಟ್ಟಿಯನ್ನು ಮಡಿಸಿ ಅದರ ಮೇಲೆ ಚಹಾದ ಗ್ಲಾಸಿಟ್ಟರು. ನನ್ನ ಸೊಸೈಟಿಯವರು ಒಬ್ಬರೂ ನನ್ನ ಮುಖ ನೋಡಲಿಲ್ಲ.

ಆ ಮಳೆಗಾಲ ಬರುವ ಮೊದಲೇ ಡಂಪರುಗಳು ಬಂದವು. ಮಳೆಮರ ಮೊದಲು ಹೋಯಿತು. ಮಣ್ಣು ಸುರಿದಂತೆ ನೀರು ಒಂದು ಮೂಲೆಗೆ ಸರಿದು, ಮೀನುಗಳು ಕೆಸರಿನಲ್ಲಿ ಹೊಟ್ಟೆ ಮೇಲಾಗಿ ಕೊಳೆತವು. ವಾರಗಟ್ಟಲೆ ಕಿಟಕಿ ತೆರೆಯುವ ಹಾಗಿರಲಿಲ್ಲ. ಊಟದ ತಟ್ಟೆಯ ಮುಂದೆ ಕೂತರೂ ಅದೇ ವಾಸನೆ. ಎಲ್ಲರೂ ಬಿಲ್ಡರನಿಗೆ ಶಾಪ ಹಾಕುತ್ತಿದ್ದರು. ನಾನು ಅಲ್ಲಿಂದ ಎದ್ದು ಒಳಗೆ ಹೋಗುತ್ತಿದ್ದೆ.

ಮಾಮನ ಅಂಗಡಿಯ ದಾರಿ ಬಿಟ್ಟೆ. ಅಮ್ಮನ ಮನೆಗೆ ಸ್ಟೇಷನ್ನಿನ ಆಚೆ ಬದಿಯಿಂದ ಸುತ್ತು ಹಾಕಿ ಹೋಗುತ್ತಿದ್ದೆ. ಹೇಳಲು ಒಂದೇ ಮಾತಿತ್ತು, ತಪ್ಪಾಯಿತು ಮಾಮ ಅನ್ನುವುದು. ಇವತ್ತು, ನಾಳೆ ಎಂದು ಎರಡು ವರ್ಷ ಕಳೆದೆ... ಒಂದು ದಿನ ಅಮ್ಮನ ಫೋನ್ ಬಂತು, ರದ್ದಿ ಮಾಮ ಹೋಗಿಬಿಟ್ಟರಂತೆ.

ಹನ್ನೆರಡು ದಿನ ಕಳೆದ ಮೇಲೆ ಮಾಮಿಯನ್ನು ನೋಡಲು ಹೋದೆ. ಕಪಾಟಿನಿಂದ ಸೆಣಬಿನ ಹುರಿ ಕಟ್ಟಿದ ಪೊಟ್ಟಣವೊಂದನ್ನು ತಂದು ಮಡಿಲಲ್ಲಿಟ್ಟರು.

“ನೀನು ಬರ್ತಿ ಅಂತ ಇಟ್ಟಿದ್ರು. ತೂಗ್ಬೇಡ, ಹಾಗೇ ಕೊಡು ಅಂತ. ಆ ದೊಡ್ಡ ಪುಸ್ತಕ ನಾನು ಕೊಟ್ಟೆ ಅಂತ ಗೊತ್ತಾದಾಗ ನನ್ನನ್ನು ಬೈಲಿಲ್ಲ ಮಗಾ. ಅಯ್ಯೋ ಈ ಹುಡುಗಿ ಅಂತ ಹೇಳಿ, ಚಪ್ಪಲಿ ಮೆಟ್ಕೊಂಡು ಖಾರಘರಕ್ಕೆ ಹೋದ್ರು. ನಿನ್ನ ಮನೆ ನಂಬ್ರ ಅವರಿಗೆ ಗೊತ್ತಿರ್ಲಿಲ್ಲ. ನಿನ್ನಮ್ಮನ ಹತ್ರ ಕೇಳಿ ಅಂದೆ. ಕೇಳ್ಳಿಲ್ಲ. ಕದ್ದು ತಕೊಂಡು ಹೋದ್ದು ಮನೆಯವರಿಗೆ ಗೊತ್ತಾಗುದು ಬೇಡ, ಅವಳೇ ಬರ್ಲಿ ಅಂದ್ರು.”

ಲೋಕಲ್ ಟ್ರೇನಿನಲ್ಲಿ ಹುರಿ ಬಿಚ್ಚಿದೆ. ಅದೇ ಚಹಾ ಕಲೆಯ ಸಣ್ಣ ಪುಸ್ತಕ. ಹದ್ದಿನ ಪುಟದಲ್ಲಿ ಕಾಗದದ ಚೂರು ಸಿಕ್ಕಿಸಿತ್ತು. ತೆರೆದೆ. ಅಲ್ಲೇ ಇತ್ತು, ಕೆಳಗಿನಿಂದ ಕಂಡ ಹಾಗೆ ಬಿಡಿಸಿದ ಕಂದು ಹಕ್ಕಿ, ರೆಕ್ಕೆಯಡಿ ಮಾಸಲು ಬಿಳಿ, ದುಂಡನೆಯ ಬಾಲ. ನಾನು ನಾಲ್ಕು ವಾರ ನೋಡಿದ ಹಕ್ಕಿ. ಗರುಡನ ಮರಿ.

ಗರುಡ! ಬಿಳಿ ಎದೆ, ಕೆಂಗಂದು ರೆಕ್ಕೆಯ ಅದನ್ನು ಆಕಾಶದಲ್ಲಿ ಕಂಡರೆ ನಮ್ಮಮ್ಮ ಈಗಲೂ ಮಾರ್ಕೆಟ್ಟಿನ ನಡುವೆ ಚೀಲ ಕೆಳಗಿಟ್ಟು ಕೈಮುಗಿಯುತ್ತಾಳೆ. ಹುಟ್ಟಿದಾಗಿನಿಂದ ನಾನೂ ಮುಗಿದವಳೇ. ಬಿಳಿ ಎದೆ ಬರುವ ಮುಂಚಿನ ಮರಿಯನ್ನು ಕಂಡು ಪರದೇಶದ ಹೆಸರಿಟ್ಟೆ. ಚಿತ್ರದ ಪಕ್ಕ ಮಾಮನ ಪೆನ್ಸಿಲಿನ ಅಕ್ಷರಗಳಿದ್ದವು: “ಖಾರಘರ ತಲಾವ್. ಮಳೆಮರದಲ್ಲಿ ಗೂಡು ಉಂಟು. ಮರಿ ಹಾರಿತು. ನಮ್ಮ ಹುಡುಗಿ ಬಂದರೆ ಇದನ್ನೇ ಪಟ್ಟಿಯಲ್ಲಿ ಮೊದಲು ಬರೆಯಲು ಹೇಳಬೇಕು.”

ಗರುಡ ಗೂಡು ಕಟ್ಟಿದ ಮರ ಎಂದು ಬರೆದಿದ್ದರೆ ಸಾಹೇಬರು ಅದರ ಮೇಲೆ ಚಹಾ ಇಡುತ್ತಿದ್ದರೋ ಇಲ್ಲವೋ... ಯಾರಿಗೆ ಗೊತ್ತು. ನಮ್ಮ ಸೊಸೈಟಿಯ ಹೆಂಗಸರಂತೂ ಆ ಮರಕ್ಕೆ ಸುತ್ತುಗಟ್ಟಿ ಕೂರುತ್ತಿದ್ದರು. ಕುರ್ಲಾ ಸ್ಟೇಷನ್ ಬರುವವರೆಗೂ ಅಳುತ್ತಲೇ ಇದ್ದೆ. ಪಕ್ಕದ ಸೀಟಿನವಳು ನೀರಿನ ಬಾಟಲಿ ಕೊಟ್ಟಳು.

ಬೂಷ್ಟು ಹಿಡಿದ ದೊಡ್ಡ ಪುಸ್ತಕವನ್ನು ಇವತ್ತು ರದ್ದಿಗೆ ಹಾಕಲು ಮನಸ್ಸಾಗಲಿಲ್ಲ. ಯಾರಾದರೂ ಎತ್ತಿಕೊಂಡಾರು. ಬೆನ್ನು ಸೀಳಿ, ಪುಟ ಪುಟ ಬಿಡಿಸಿ ಬಕೆಟಿನಲ್ಲಿ ನೆನೆಹಾಕಿದ್ದೇನೆ. ನೀರು ಗಂಜಿಯ ಹಾಗೆ ಕದಡಿ ವಾಸನೆ ಹೊಡೆಯುತ್ತಿದೆ. ಮಾಮ ಇದ್ದಿದ್ದರೆ ಮೂರು ವರ್ಷ ಮೊದಲೇ ಮಾಡಬೇಕಿತ್ತು ಮಾರಾಯ್ತಿ ಅನ್ನುತ್ತಿದ್ದರು. ಈಗ ಅನ್ನುವವರಿಲ್ಲ. ಅವರ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಬಾಲ್ಕನಿಯ ಎದುರಿಗೆ, ತಲಾವ್ ಇದ್ದಲ್ಲಿ, ಇಪ್ಪತ್ತೆರಡು ಮಹಡಿಯ ಟವರು ನಿಂತಿದೆ. ಅದರ ಗೇಟಿನ ಎರಡೂ ಕಂಬದ ಮೇಲೆ ಸಿಮೆಂಟಿನ ದೊಡ್ಡ ಹದ್ದುಗಳು, ಬಿಳಿ ತಲೆ, ಹಳದಿ ಕೊಕ್ಕು, ಸಿನಿಮಾದಲ್ಲಿ ಕಾಣುವ ಅಮೆರಿಕದ ಹದ್ದು. ಬೆಳಿಗ್ಗೆ ಅಜ್ಜಿಯೊಬ್ಬರು ವಾಕಿಂಗಿಗೆ ಬಂದವರು ಗರುಡನೆಂದು ತಿಳಿದು ಅದಕ್ಕೆ ಕೈಮುಗಿದು ಹೋಗುತ್ತಾರೆ. ಎಂಥ ಅಸಹ್ಯ ಎಂದು ಬಾಯಿಗೆ ಬರುತ್ತದೆ, ಅಲ್ಲೇ ನುಂಗಿಕೊಳ್ಳುತ್ತೇನೆ. ಆ ತಲಾವಿಗೆ ಪರದೇಶದ ಹದ್ದನ್ನು ಮೊದಲು ತಂದವಳು ನಾನೇ.