ಮೂಲೆಯ ಹಿಡಿ ತೆನೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ‘ಮುಗೀತು’ ಅನ್ನುವ ಹಾಗಿರಲಿಲ್ಲ. ಮಡಕೆಯಲ್ಲಿ ಹಿಟ್ಟಿನ ತಳ ಕಂಡರೂ ‘ಹೆಚ್ಚಿದೆ’ ಅನ್ನಬೇಕು. ದೀಪ ಆರಿಸಿದರೆ ‘ದೊಡ್ಡದು ಮಾಡಿದೆ’ ಅನ್ನಬೇಕು. ಮೊಮ್ಮಕ್ಕಳು ನೀವು ಊಟ ಫಿನಿಶ್, ಆಟ ಫಿನಿಶ್, ಹೋಮ್‌ವರ್ಕ್ ಫಿನಿಶ್ ಅಂತ ಬೆಳಗಿನಿಂದ ಫಿನಿಶ್ ಮಾಡುತ್ತಲೇ ಇರುತ್ತೀರಿ. ಆಗ ಹಾಗಂದಿದ್ದರೆ ಅಪ್ಪ ಬೆನ್ನಿಗೆ ಒಂದು ಬಿಡುತ್ತಿದ್ದ.

ಹೊಲದಲ್ಲೂ ಅದೇ ಕಟ್ಟುಪಾಡು. ರಾಗಿ ಕೊಯ್ಯುವಾಗ ಕೊನೆಯ ಮೂಲೆಯಲ್ಲಿ ಅಪ್ಪ ಒಂದು ಹಿಡಿ ತೆನೆ ಹಾಗೇ ನಿಲ್ಲಿಸುತ್ತಿದ್ದ. ಹೊಲ ಬರಿದಾಗಬಾರದು, ಹಕ್ಕಿಗೂ ಒಂದಿಷ್ಟಿರಲಿ ಅನ್ನುತ್ತಿದ್ದ.

ಹೆತ್ತ ಅವ್ವ ಬೇಗ ಸತ್ತಳು. ನನಗೆ ಅವಳ ಮುಖ ನೆನಪಿಲ್ಲ, ಅತ್ತಿದ್ದೂ ನೆನಪಿಲ್ಲ. ಸಾಕಿದವಳು ಅಕ್ಕ. ತಲೆ ಬಾಚಿದವಳು, ಮುದ್ದೆ ಮುರಿದು ಬಾಯಿಗಿಟ್ಟವಳು, ಹಟ ಮಾಡಿದರೆ ಸೌಟಿನಲ್ಲಿ ಹೊಡೆದವಳು ಅವಳೇ. ನಾನಿನ್ನೂ ಚಿಕ್ಕವಳಿದ್ದಾಗಲೇ ಅವಳನ್ನು ಉಮ್ಮತ್ತೂರಿಗೆ ಮದುವೆ ಮಾಡಿ ಕೊಟ್ಟರು. ಕುಯ್ಲು ಆದ ಮೇಲೆ ಗಂಡನ ಮನೆಗೆ ಕಳಿಸುತ್ತೇನೆ ಎಂದು ಅಪ್ಪ ಭಾವನಿಗೆ ಮಾತು ಕೊಟ್ಟಿದ್ದ.

ಕುಯ್ಲಿನ ಕೊನೆಯ ದಿನ ಬೆಳಿಗ್ಗೆಯೇ ಭಾವ ಬಂದು ಬದುವಿನ ಮೇಲೆ ಕುಳಿತ. ಇಬ್ಬನಿಗೆ ರಾಗಿ ನೆನೆದು ಭಾರವಾಗಿತ್ತು. ಪಕ್ಕದ ಸಾಲಿನ ಅವರೆಯ ಸೊಗಡು ಗಮ್ಮನೆ ಬರುತ್ತಿತ್ತು. ಅಕ್ಕ ಬಗ್ಗಿದವಳು ತಲೆಯೆತ್ತದೆ ಕೊಯ್ದಳು. ಕುಡುಗೋಲಿನ ಸರಸರ ಸದ್ದು ಮುಂದೆ ಮುಂದೆ ಹೋದಷ್ಟೂ ನಾನು ಉಳಿದ ಸಾಲುಗಳನ್ನು ಎಣಿಸುತ್ತಿದ್ದೆ.

ಆಮೇಲೆ ನನಗೊಂದು ಉಪಾಯ ಹೊಳೆಯಿತು. ಮೂಲೆಯ ತೆನೆ ನಿಂತಿರುವವರೆಗೆ ಕುಯ್ಲು ಮುಗಿದ ಹಾಗಲ್ಲ. ಕುಯ್ಲು ಮುಗಿಯದೆ ಅಕ್ಕ ಹೋಗುವ ಹಾಗಿಲ್ಲ. ಓಡಿಹೋಗಿ ಆ ತೆನೆಯ ಮುಂದೆ ಕುಳಿತುಬಿಟ್ಟೆ. ಬಿಸಿಲೇರಿತು. ಹುಲ್ಲಿನ ಧೂಳಿಗೆ ಕತ್ತೆಲ್ಲ ತುರಿಕೆ. ಊಟಕ್ಕೆ ಕರೆದರೂ ಏಳಲಿಲ್ಲ. ಒಂದು ಕರು ಮೂತಿ ಚಾಚಿತು, ಮಣ್ಣಿನ ಹೆಂಟೆ ತೆಗೆದು ಎಸೆದೆ.

ಹೊತ್ತು ಇಳಿದಾಗ ಭಾವ ಹತ್ತಿರ ಬಂದು ನಕ್ಕ. “ಏನಮ್ಮಿ, ಕಾವಿಗೆ ಕುಂತ ಕೋಳಿ ಆಗೋಗಿದ್ದೀಯಾ?”

“ಕುಯ್ಲು ಇನ್ನೂ ಮುಗ್ದಿಲ್ಲ, ನೋಡು. ಅಕ್ಕ ಬರಕಿಲ್ಲ,” ಅಂದೆ.

“ಇಷ್ಟಕ್ಕೇನಾ? ಕುಡ್ಲು ಕೊಡಿಲ್ಲಿ, ನಾನೇ ಕುಯ್ದಾಕ್ತೀನಿ!”

“ಅದ ಮುಟ್ಬ್ಯಾಡಿ ಅಳಿಯಂದ್ರೇ,” ಅಂತ ಅಪ್ಪ ಗದರಿದ.

ನಾನು ಗೆದ್ದೆ ಅಂದುಕೊಂಡೆ. ಅಪ್ಪ ಅಕ್ಕನ ಕಡೆ ತಿರುಗಿದ. “ಬಸ್ ಬತ್ತದೆ ಕಣವ್ವ, ಒರಡು.”

ಅಕ್ಕ ತನ್ನ ಕುಡುಗೋಲನ್ನು ನನ್ನ ಕೈಗೆ ಕೊಟ್ಟಳು. ಅದರ ಹಿಡಿ ಇನ್ನೂ ಬೆಚ್ಚಗಿತ್ತು. “ಬತ್ತೀನಿ ಕಣಮ್ಮಿ. ಒಲೆಗೆ ಹಸಿ ಸೌದೆ ತುರುಕ್ಬ್ಯಾಡ,” ಅಂದಳು. ಅಷ್ಟೇ. ಬದುವಿನ ಮೇಲೆ ಭಾವನ ಹಿಂದೆ ನಡೆದು ಹೋದಳು. ಒಂದು ಸಲವೂ ತಿರುಗಿ ನೋಡಲಿಲ್ಲ. ತೆನೆ ನಿಂತೇ ಇತ್ತು.

ಆ ದಿನ ಒಲೆ ಹಚ್ಚಿದವಳು ನಾನು. ಮುದ್ದೆಯ ತುಂಬಾ ಗಂಟು. ಅಪ್ಪ ಅದನ್ನೇ ನುಂಗಿದ. ಮನೆ ಅಷ್ಟು ದೊಡ್ಡದು ಅಂತ ನನಗೆ ಗೊತ್ತಾದದ್ದು ಅವತ್ತೇ. ಆಮೇಲೆ ಅಕ್ಕ ಹಬ್ಬಕ್ಕೆ ಬರುತ್ತಿದ್ದಳು, ಆದರೆ ನೆಂಟಳಾಗಿ ಬರುತ್ತಿದ್ದಳು.

ಈಗ ನಮ್ಮೂರು ಬೇಗೂರಿನ ಹೊಲಗಳಿಗೆ ಮಿಷಿನ್ ಬರುತ್ತದೆ. ಮೂಲೆ ಮುಡುಕು ನೋಡದೆ ಕೊಯ್ದು, ಡ್ರೈವರ್ “ಫಿನಿಶ್ ಅಜ್ಜಿ” ಅಂದು ಹೊರಟುಹೋಗುತ್ತಾನೆ. ನಿಮಗೂ ಆ ಮಾತಿನಿಂದ ಏನೂ ಆಗುವುದಿಲ್ಲ, ಆಗುವುದೂ ಬೇಡ. ಒಳ್ಳೆಯದೇ.

ಆದರೆ ಹೋದ ರಜೆಯ ಕಡೇ ದಿನ, ಚಾಮರಾಜನಗರದ ಬಸ್ಸಿಗೆ ಹೊತ್ತಾದಾಗ, ನಿಮ್ಮಲ್ಲಿ ಚಿಕ್ಕವಳು ತಟ್ಟೆಯಲ್ಲಿ ಒಂದು ತುತ್ತು ಬಿಟ್ಟು ಕೈ ಕಟ್ಟಿ ಕುಳಿತಳು. “ಊಟ ಫಿನಿಶ್ ಆಗಿಲ್ಲ ಅಜ್ಜಿ, ನಾನು ಹೋಗಲ್ಲ,” ಅಂದಳು. ಅವಳಿಗೆ ಈ ಕತೆ ನಾನು ಹೇಳಿರಲಿಲ್ಲ.

ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದೆ. ಆಮೇಲೆ ಅಂದೆ, “ತಿಂದು ಏಳಮ್ಮಿ. ಬಸ್ ಬತ್ತದೆ.”